ದೊಡ್ಡಯ್ಯನ ಪರಿಚಯ

ನನ್ನ ಅತ್ತೆ ನನ್ನನ್ನು ಮಿಕ್ಸಿಗೆ ಪರಿಚಯ ಮಾಡಿಸಿದ್ದು ಮದುವೆಯಾಗಿ ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ಚಟ್ನಿಯನ್ನು ಒರಳಿನಲ್ಲೇ ರುಬ್ಬಿದೆ. ಅತ್ತೆ ಕೆಟ್ಟವರೇನಲ್ಲ. ಮದುವೆಯಾದ ಹೊಸದರಲ್ಲೇ ಒಮ್ಮೆ ನನ್ನ ಕೈಯನ್ನು ಮಿಕ್ಸಿಯ ಮೇಲಿಟ್ಟು "ಇವಳು ನಮ್ಮವಳು" ಎಂದು ಹೇಳಿ ನೋಡಿದ್ದರು. ಅದು ಗುರ್ ಎನ್ನಲಿಲ್ಲ. ಇಬ್ಬರಿಗೂ ನಾಚಿಕೆಯಾಗಿ, "ಕರೆಂಟು ಕಮ್ಮಿ ಇರಬೇಕು" ಎಂದು ಅವರು ಹೇಳಿದರು, "ಇರಬೇಕು" ಎಂದು ನಾನು ಹೇಳಿದೆ. ಮರುವರ್ಷ ಅವರಿಗೆ ಟೈಫಾಯ್ಡ್ ಬಂದು ನನ್ನ ಆರೈಕೆಯಲ್ಲಿ ಎದ್ದ ಮೇಲೆ, ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಏನೂ ಯೋಚಿಸದೆ ನನ್ನ ಕೈ ಹಿಡಿದೆಳೆದು ಇನ್ನೊಮ್ಮೆ ಹೇಳಿದರು. ಮಿಕ್ಸಿ ತಿರುಗಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಕಾಯಿ ಜಾಸ್ತಿ ಹಾಕಬ್ಯಾಡ" ಎಂದರು.

ನಮ್ಮೂರಿನ ಯಂತ್ರಗಳು ಹಾಗೆ. ಗುರುತಿಲ್ಲದವರ ಕೈಗೆ ತಿರುಗುವುದಿಲ್ಲ. ಗುರುತಿದ್ದವರು ಕರೆದೊಯ್ದು, ಹೆಸರು ಹೇಳಿ, ನಮ್ಮವರು ಎನ್ನಬೇಕು. ಹೇಳಿದ್ದು ನಿಜವಾಗಿರಬೇಕು. ಹೊಸದಾಗಿ ಬಂದ ಬಸ್ ಡ್ರೈವರು ಹಳೆಯ ಡ್ರೈವರಿನ ಮನೆಯಲ್ಲಿ ಕೆಲವು ದಿನ ಉಂಡು ಮಲಗುತ್ತಾನೆ. ಹೊಲಿಗೆ ಮಿಷನ್ನಿಗಾಗಿ ಮುನಿಸು ಮರೆತ ಅಕ್ಕತಂಗಿಯರಿದ್ದಾರೆ. ಒಮ್ಮೆ ಗುರುತಾದರೆ ಯಂತ್ರ ಮರೆಯುವುದಿಲ್ಲ, ಅದೊಂದು ಅನುಕೂಲ.

ನಾನು ಇಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ವರ್ಕ್‌ಶಾಪ್ ಪಾಠ ಮಾಡುತ್ತೇನೆ. ಹೆಸರು ತಿಪ್ಪಮ್ಮ. ನನಗಿಂತ ಮುಂಚೆ ಹುಟ್ಟಿದ ಕೂಸುಗಳು ಉಳಿಯಲಿಲ್ಲವೆಂದು ಅವ್ವ ನನ್ನನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ ಆ ಹೆಸರಿಟ್ಟಳಂತೆ. ಕಾಲೇಜಿನವರಿಗೆ ಅದನ್ನು ಬಾಯಲ್ಲಿ ಹೇಳಲು ಸಂಕೋಚವಾಗಿ ಟಿ. ಮೇಡಂ ಎಂದು ಕರೆದರು. ನಾನೂ ಓಗೊಟ್ಟೆ.

ಕಾಲೇಜು ಶುರುವಾಗುವ ದಿನ ವರ್ಕ್‌ಶಾಪಿನ ಅಂಗಳ ನೋಡಬೇಕು. ಕೋಟೆಬೀದಿಯ ಅಪ್ಪಂದಿರು, ಪೇಟೆಯ ಚಿಕ್ಕಪ್ಪಂದಿರು ತೆಂಗಿನಕಾಯಿ ಹಿಡಿದು ಬಂದು ಮಕ್ಕಳನ್ನು ಒಂದೊಂದೇ ಯಂತ್ರಕ್ಕೆ ಪರಿಚಯ ಮಾಡಿಸುತ್ತಾರೆ. ಅವರನ್ನು ಅವರ ಅಪ್ಪಂದಿರು ಹೀಗೆಯೇ ಕರೆತಂದಿದ್ದರು. ಕಲ್ಲುಕುಟಿಗರ ಕಾಲೊನಿ, ಪಿಂಜಾರರ ಓಣಿ, ನಮ್ಮ ಮಡಿವಾಳರ ಬೀದಿ, ಈ ಕಡೆಯಿಂದ ಬಂದ ಮಕ್ಕಳು ಹೊರಗಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಸೀಟು ಸಿಕ್ಕಿರುತ್ತಿತ್ತು, ಪುಸ್ತಕ ಸಿಕ್ಕಿರುತ್ತಿತ್ತು. ಒಳಗೆ ಕರೆದೊಯ್ದು ನಮ್ಮವನು ಎನ್ನುವವರು ಇರಲಿಲ್ಲ. ಅಂಥವರು ಬರಹದ ಪರೀಕ್ಷೆಯನ್ನಷ್ಟೇ ಮುಗಿಸಿ ಹೋಗುತ್ತಿದ್ದರು. ಊರಿನವರು ಅದನ್ನು ಅರ್ಧ ಪಾಸು ಎನ್ನುತ್ತಿದ್ದರು. ಅರ್ಧ ಪಾಸಾದವರನ್ನು ಕಾರ್ಖಾನೆಯವರು ಗೇಟಿನ ಹತ್ತಿರದ ಕುರ್ಚಿಗೆ ಮಾತ್ರ ತೆಗೆದುಕೊಳ್ಳುತ್ತಿದ್ದರು.

ನಾನು ಮೆಟ್ಟಿಲಿಂದ ಎದ್ದದ್ದು ಫಿಲೋಮಿನಾ ಟೀಚರಿಂದ. ಡ್ರಾಯಿಂಗ್ ಕಲಿಸುತ್ತಿದ್ದರು. ಅವರಪ್ಪ ರೈಲು ಓಡಿಸುತ್ತಿದ್ದವರು, ಮಗಳನ್ನು ಯಂತ್ರಗಳಿಗೆ ಗುರುತು ಮಾಡಿಸಿದ್ದರು. ಟೀಚರು ಇಸ್ತ್ರಿಗೆ ಸೀರೆ ಕೊಡಲು ನಮ್ಮ ಮನೆಗೆ ಬಂದರೆ ಅವ್ವನ ಜೊತೆ ಚಹಾ ಕುಡಿಯುತ್ತ ಹೊತ್ತು ಮರೆಯುತ್ತಿದ್ದರು. ಹಾಗಾಗಿ ಕಬ್ಬಿಣ ಕಡೆಯುವ ಲೇತಿನ ಮುಂದೆ ನನ್ನನ್ನು ನಿಲ್ಲಿಸಿದಾಗ ಅವರು ಪೂರ್ತಿ ಹೇಳುವುದರೊಳಗೆ ಅದು ತಿರುಗಿತ್ತು. ನಾನು ಅರ್ಧ ಪಾಸಿನಲ್ಲೇ, ಲೇತು ಬಲ್ಲವಳೆಂದು, ಅದೇ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ವರ್ಕ್‌ಶಾಪಿನ ಹಿಂದಿನ ಕೋಣೆಯನ್ನು ಕೇಳಿ ತೆಗೆದುಕೊಂಡೆ. ಸಂಜೆ ಕ್ಲಾಸು ಬಿಟ್ಟ ಮೇಲೆ ಮೆಟ್ಟಿಲಿನ ಮಕ್ಕಳು ಅಲ್ಲಿಗೆ ಬರತೊಡಗಿದರು.

ಪಾಠ ಮಾಡುವುದು ಸುಲಭ. ಪರಿಚಯವಾಗುವುದು ಕಷ್ಟ. ಅವರ ಮನೆಗಳಿಗೆ ಹೋದೆ, ಅವರು ನಮ್ಮ ಮನೆಗೆ ಬಂದರು. ಪಿಂಜಾರರ ಓಣಿಯ ಮೌಲಾಲಿ ಎಂಬ ಹುಡುಗನನ್ನು ಡ್ರಿಲ್ಲಿಂಗ್ ಯಂತ್ರ ಎಷ್ಟು ದಿನವಾದರೂ ಒಪ್ಪಲಿಲ್ಲ. ಕೊನೆಗೆ ಗೊತ್ತಾಯಿತು, ನಮ್ಮ ಮನೆಯ ಬಸ್ಸಾರು ಅವನಿಗೆ ಸೇರುತ್ತಿರಲಿಲ್ಲ, ಮರ್ಯಾದೆಗೆ ಬಡಿಸಿಕೊಂಡು ಉಣ್ಣುತ್ತಿದ್ದ. "ಬಾಯಿಗೆ ಇಟ್ರೆ ವಾಂತಿ ಬಂದಂಗ್ ಆಗ್ತದೆ ಮೇಡಂ" ಎಂದು ಬಾಯಿಬಿಟ್ಟ ದಿನ ಇಬ್ಬರೂ ನಕ್ಕೆವು. ಮಾರನೆಯ ದಿನ ಡ್ರಿಲ್ಲು ತಿರುಗಿತು. ಹೀಗೆ ವರ್ಷವರ್ಷವೂ ಮಕ್ಕಳು ಲೇತಿಗೆ, ಡ್ರಿಲ್ಲಿಗೆ, ವೆಲ್ಡಿಂಗಿಗೆ ಗುರುತಾದರು. ನನಗೆ ಗುರುತಿದ್ದ ಯಂತ್ರಗಳು ಅಷ್ಟೇ.

ದೊಡ್ಡಯ್ಯ ಮಾತ್ರ ಉಳಿದಿತ್ತು. ದೊಡ್ಡಯ್ಯ ಎಂದರೆ ಹಲ್ಲುಚಕ್ರ, ಅಂದರೆ ಗೇರು, ಕಡಿಯುವ ಯಂತ್ರ. ತಾತಂದಿರ ಕಾಲದಲ್ಲಿ ಹಡಗಿನಲ್ಲಿ ಬಂದದ್ದು, ಒಂದು ಕೋಣೆಯಷ್ಟು ದೊಡ್ಡದು. ಕೊನೆಯ ವರ್ಷದವರು ಅದರಲ್ಲಿ ಒಂದು ಹಲ್ಲುಚಕ್ರ ಕಡಿದು ತೋರಿಸಿದರೆ ಪೂರ್ತಿ ಪಾಸು. ಪೂರ್ತಿ ಪಾಸಾದವರು ಊರು ಬಿಟ್ಟು ಹೋಗುತ್ತಿದ್ದುದರಿಂದ, ಅದಕ್ಕೆ ಗುರುತಿದ್ದು ಊರಿನಲ್ಲೇ ಉಳಿದವರು ನಮ್ಮ ವಿಭಾಗದ ಮುಖ್ಯಸ್ಥರಾದ ವೃಷಭೇಂದ್ರಪ್ಪ ಸರ್ ಒಬ್ಬರೇ. ಕೋಟೆಬೀದಿಯವರು. ಆ ಬೀದಿಯ ಹುಡುಗರ ಅಪ್ಪಂದಿರನ್ನೂ ತಾತಂದಿರ ಅಡ್ಡಹೆಸರುಗಳನ್ನೂ ಬಲ್ಲವರು. ಹುಡುಗನ ಬೆನ್ನಿಗೊಂದು ಗುದ್ದಿ, "ಇವನು ನಮ್ಮ ಮಠದ ಪುಟ್ಟಣ್ಣನ ಮೊಮ್ಮಗ, ಸೋಮಾರಿ" ಎಂದರೆ ಸಾಕು, ದೊಡ್ಡಯ್ಯ ಗುಡುಗುತ್ತಿತ್ತು. ಮೆಟ್ಟಿಲಿನ ಮಕ್ಕಳನ್ನೂ ಅವರು ಕರೆದುಕೊಂಡು ಹೋಗುತ್ತಿದ್ದರು. ಭೇದ ಮಾಡಿದವರಲ್ಲ. "ಇವರು ನಮ್ಮ ವಿದ್ಯಾರ್ಥಿ" ಎಂದು ಬಹುವಚನದಲ್ಲೇ ಹೇಳುತ್ತಿದ್ದರು. ಯಂತ್ರ ಮಿಸುಕುತ್ತಿರಲಿಲ್ಲ. ಸರ್ ಕನ್ನಡಕ ಒರೆಸಿಕೊಂಡು, "ಅದು ಒಪ್ಪಲಿಲ್ಲ, ನಾನೇನು ಮಾಡಲಿ" ಎನ್ನುತ್ತಿದ್ದರು.

ನಾನು ಕೆಲಸಕ್ಕೆ ಸೇರಿದ ವರ್ಷ ನನ್ನನ್ನೂ ಕರೆದೊಯ್ದಿದ್ದರು. "ಇವರು ನಮ್ಮ ಟಿ. ಮೇಡಂ." ಅದು ಸುಮ್ಮನಿತ್ತು. ಇಬ್ಬರೂ ಕ್ಯಾಂಟೀನಿಗೆ ಹೋಗಿ ಚಹಾ ಕುಡಿದೆವು. ಆ ವಿಷಯ ಮತ್ತೆ ನಮ್ಮ ನಡುವೆ ಬರಲೇ ಇಲ್ಲ. ಇಪ್ಪತ್ತು ವರ್ಷ ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂತೆವು.

ಅಂಜಿನಮ್ಮ ಕಲ್ಲುಕುಟಿಗರ ಕಾಲೊನಿಯ ಹುಡುಗಿ. ಅವಳ ನಗು ವರ್ಕ್‌ಶಾಪಿನ ಈ ತುದಿಯಿಂದ ಆ ತುದಿಗೆ ಕೇಳುತ್ತಿತ್ತು. ಗಂಟೆ ಹೊಡೆದರೂ ಪ್ರಶ್ನೆ ನಿಲ್ಲಿಸುತ್ತಿರಲಿಲ್ಲ. ಲೇತು ಅವಳನ್ನು ವಾರದೊಳಗೆ ಒಪ್ಪಿತು. ಅವಳನ್ನು ಬಲ್ಲವರಾಗದೆ ಇರುವುದೇ ಕಷ್ಟ, ಎಲ್ಲವನ್ನೂ ಅವಳೇ ಹೇಳಿಬಿಡುತ್ತಿದ್ದಳು. ಅವಳು ಕೊನೆಯ ವರ್ಷಕ್ಕೆ ಬಂದಾಗ ಸರ್ ನಿವೃತ್ತರಾಗುವುದರಲ್ಲಿದ್ದರು. ಅವರು ಪರಿಚಯ ಮಾಡಿಸಿದ ಹುಡುಗರೆಲ್ಲ ಬೇರೆ ಬೇರೆ ಊರು ಸೇರಿದ್ದರು. ಬೇಸಿಗೆ ಕಳೆದರೆ ದೊಡ್ಡಯ್ಯನಿಗೆ ಟಾರ್ಪಾಲು ಹೊದಿಸುವುದೆಂದು ಆಡಳಿತ ಮಂಡಳಿ ಆಗಲೇ ತೀರ್ಮಾನಿಸಿತ್ತು.

ಸಂಕ್ರಾಂತಿಗೆ ಮುಂಚೆ ಸರ್ ಅವಳನ್ನು ಕರೆದೊಯ್ದರು. "ಇವರು ಅಂಜನಾ, ನಮ್ಮ ವಿದ್ಯಾರ್ಥಿನಿ." ದೊಡ್ಡಯ್ಯ ಮಿಸುಕಲಿಲ್ಲ.

ಅವಳು ನೆಟ್ಟಗೆ ನನ್ನ ಕೋಣೆಗೆ ಬಂದಳು. ನಗು ಇರಲಿಲ್ಲ.

"ಬರಹದ ಪಾಸು ತಗೊಂಡು ಹೋಗಮ್ಮ, ನಿಮಗೆ ಒಳ್ಳೆ ಮಾರ್ಕ್ಸ್ ಇದೆ ಅಂದ್ರು ಮೇಡಂ. ಅರ್ಧ ಪಾಸು ನಂಗೆ ಬ್ಯಾಡ."

"ಬೇಡ ಅಂದ್ರೆ ಏನ್ಮಾಡ್ತೀಯಾ?"

"ಫೇಲಾಗ್ತೀನಿ. ಮುಂದಿನ ವರ್ಷ ಮತ್ತೆ ಬರ್ತೀನಿ."

"ಮುಂದಿನ ವರ್ಷ ಸರ್ ಇರಲ್ಲ."

ಅವಳು ಸ್ಟೂಲಿನ ಮೇಲೆ ಕೂತಳು. "ಹಂಗಾದ್ರೆ ಈ ವರ್ಷವೇ ಆಗ್ಬೇಕು" ಎಂದಳು, ಊಟಕ್ಕೆ ಹೊತ್ತಾಯಿತು ಎನ್ನುವಷ್ಟು ಸಲೀಸಾಗಿ.

ಆ ಸಲೀಸು ನನಗೂ ತಗುಲಿತು. ಸರ್ ಕೋಣೆಗೆ ಹೋಗಿ, ಭಾನುವಾರ ಅಂಜಿನಮ್ಮನ ಮನೆಗೆ ಊಟಕ್ಕೆ ಹೋಗೋಣ ಬನ್ನಿ ಎಂದೆ. ಅವರು ಪೆನ್ನು ಕೆಳಗಿಟ್ಟರು.

"ನಾನು ಯಾವತ್ತೂ ಭೇದ ಮಾಡಿದವನಲ್ಲ ಮೇಡಂ. ನಿಮಗೆ ಗೊತ್ತು."

"ಗೊತ್ತು ಸರ್. ದೊಡ್ಡಯ್ಯ ಕೇಳ್ತಿರೋದು ಅದಲ್ಲ."

ಅವರು ಕಿಟಕಿಯ ಕಡೆ ನೋಡಿದರು. "ಎಷ್ಟು ಹೊತ್ತಿಗೆ?" ಎಂದರು.

ಭಾನುವಾರ ಸ್ಕೂಟರಿನಲ್ಲಿ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದರು. ಅಂಜಿನಮ್ಮನ ತಾಯಿ ಓಬಕ್ಕ ಮುದ್ದೆ, ಸೊಪ್ಪಿನ ಸಾರು ಮಾಡಿದ್ದಳು. ಸರ್ ಔಷಧಿ ಕುಡಿಯುವವರಂತೆ ಉಂಡರು, ಆದರೆ ಉಳಿಸಲಿಲ್ಲ. ಉಂಡಾದ ಮೇಲೆ ಪ್ರಶ್ನೆಗಳು ಶುರುವಾದವು. ಒಡಹುಟ್ಟಿದವರು ಎಷ್ಟು ಜನ, ತಂದೆ ಯಾವ ಕ್ವಾರಿಯಲ್ಲಿ ಕೆಲಸ, ಮನೆ ಸ್ವಂತದ್ದೋ, ನೀರು ಎಲ್ಲಿಂದ ತರುತ್ತೀರಿ. ಅಂಜಿನಮ್ಮ ಒಂದೊಂದಕ್ಕೂ ಉತ್ತರ ಕೊಟ್ಟಳು. ಅವರ ಸ್ಕೂಟರು ಕಾಲೊನಿ ದಾಟಿದ ಮೇಲೆ ಓಬಕ್ಕ ನನ್ನ ಕಡೆ ತಿರುಗಿದಳು.

"ಹೆಣ್ಣು ನೋಡಾಕೆ ಬಂದೋರೂ ಇಷ್ಟು ಕೇಳಾಕಿಲ್ಲ ಕಣವ್ವ."

ಸೋಮವಾರ ಸರ್ ಮತ್ತೆ ಅವಳ ಕೈಯನ್ನು ದೊಡ್ಡಯ್ಯನ ಮೇಲಿಟ್ಟರು. ನಾನು ಬಾಗಿಲಲ್ಲಿ ನಿಂತಿದ್ದೆ. ಯಂತ್ರ ತಣ್ಣಗಿತ್ತು. ಈ ಸಲ ಸರ್ ಕನ್ನಡಕ ಒರೆಸಲಿಲ್ಲ. ಮುಖ ಕೆಂಪಾಗಿತ್ತು.

"ಮನೆಗೆ ಹೋದೆ. ಊಟ ಮಾಡಿದೆ. ಇನ್ನೂ ಏನು ಬೇಕಂತೆ ಇದಕ್ಕೆ?"

"ಸಾರ್," ಎಂದಳು ಅಂಜಿನಮ್ಮ, "ನನ್ನ ಹೆಸರು ಅಂಜನಾ ಅಲ್ಲ. ಅಂಜಿನಮ್ಮ."

"ಗೊತ್ತು. ಅಂಜನಾ ಅಂದರೆ ಚೆನ್ನಾಗಿರುತ್ತೆ ಅಂತ…"

"ಯಾರಿಗೆ ಸಾರ್?"

ಅವಳು ಕೈಯನ್ನು ಯಂತ್ರದ ಮೇಲಿಂದ ತೆಗೆಯಲಿಲ್ಲ.

"ನಮ್ಮನೇಲಿ ನೀವು ಅಷ್ಟೆಲ್ಲ ಕೇಳಿದ್ರಿ. ನಾನೊಂದು ಕೇಳ್ಲಾ?"

"ಕೇಳಮ್ಮ."

"ನಿಮ್ಮನ್ನ ಇದಕ್ಕೆ ಯಾರು ಪರಿಚಯ ಮಾಡ್ಸಿದ್ರು?"

ಸರ್ ಬೆಂಚಿನ ಮೇಲೆ ಕೂತರು. ಆಮೇಲೆ ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ನಮ್ಮ ಸೋದರಮಾವ. ನನ್ನಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ಅವರ ಮನೆಯಲ್ಲಿ ಬಿಟ್ಟು ಹೋದಳು. ಮಾವ ಮಾತು ಕಮ್ಮಿ. ಒಂದು ಸಲವೂ ಹತ್ತಿರ ಕರೆದವರಲ್ಲ. ಬಿಟ್ಟಿ ಅನ್ನ ತಿನ್ನೋನು ನಾನು ಅಂತ ತಿಳ್ಕೊಂಡು ಪಂಕ್ತಿಯಲ್ಲಿ ಎರಡನೇ ಸಲ ಬಡಿಸಿಕೊಳ್ತಾನೇ ಇರಲಿಲ್ಲ. ಒಂದು ದಿನ ಇಲ್ಲಿಗೆ ಕರ್ಕೊಂಡು ಬಂದರು. ಕೈ ಇಡಿಸಿ, 'ನನ್ನ ಮಗ' ಅಂದರು. ಹೇಳಿದ್ದು ಅಷ್ಟೇ. ನಾನು ಕಣ್ಣು ಮುಚ್ಚಿಕೊಂಡೆ, ತಿರುಗಲ್ಲ ಅಂತ ಗೊತ್ತಿತ್ತು ನನಗೆ. ತಿರುಗಿತು."

ಅವರು ಅಂಗೈಯಿಂದ ಮೊಣಕಾಲನ್ನು ಒರೆಸಿಕೊಂಡರು.

"ಅವತ್ತು ರಾತ್ರಿ ಊಟಕ್ಕೆ ಮೂರು ಸಲ ಬಡಿಸಿಕೊಂಡೆ. ಆಮೇಲೆ ನಾನು ಮೇಷ್ಟ್ರಾದೆ. ಒಬ್ಬೊಬ್ಬ ಹುಡುಗನನ್ನ ಕರ್ಕೊಂಡು ಬಂದು ನಮ್ಮವರು ಅಂದಾಗಲೂ ಇದು ಸುಮ್ಮನಿದ್ದರೆ, ಇದು ಹೇಳ್ತಿರೋದು ಆ ಹುಡುಗನ ವಿಷಯ ಅಲ್ಲ, ನನ್ನದು ಅಂತ ನನಗೆ ಗೊತ್ತಾಗ್ತಿತ್ತು. ಎಷ್ಟು ಸಲ ಅಂತ ಕೇಳಿಸ್ಕೊಳ್ಳೋದು? ಒಪ್ಪಲಿಲ್ಲ ಅಂತ ಹೇಳಿ ಹೋಗಿಬಿಡ್ತಿದ್ದೆ."

ನನ್ನ ಕಡೆ ನೋಡಲಿಲ್ಲ ಅವರು. ನೋಡುವುದು ನನಗೂ ಬೇಕಿರಲಿಲ್ಲ.

ಅಂಜಿನಮ್ಮ ಅವರ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಳು. "ನಮ್ಮಪ್ಪನೂ ಮಾತು ಕಮ್ಮಿ ಸಾರ್" ಎಂದಳು. ಎದ್ದು ನಿಂತು, "ನಾಳೆನೂ ಬರ್ತೀನಿ" ಎಂದಳು.

ಬಂದಳು. ದಿನವೂ ಬಂದಳು. ಹಲ್ಲುಚಕ್ರದ ನಕ್ಷೆ ಹಿಡಿದು ಸರ್ ಕೋಣೆಗೆ ಹೋದರೆ ಇಬ್ಬರ ದನಿಯೂ ಕಾರಿಡಾರಿಗೆ ಕೇಳುತ್ತಿತ್ತು. ಮೊದಮೊದಲು ಅವಳದೇ ಕೇಳುತ್ತಿತ್ತು. ಸರ್ ಮೆಟ್ಟಿಲಿನ ಮಕ್ಕಳನ್ನು ಬೈದವರೇ ಅಲ್ಲ. ಕೋಟೆಬೀದಿಯ ಹುಡುಗರಿಗೆ ಬೀಳುತ್ತಿದ್ದ ಬೈಗುಳ, ಗುದ್ದು, ಅಡ್ಡಹೆಸರು ಯಾವುದೂ ಇವರಿಗಿರಲಿಲ್ಲ. ಇವರಿಗೆ ಮರ್ಯಾದೆ ಇತ್ತು, ಬಹುವಚನ ಇತ್ತು. ಅದು ಒಳ್ಳೆಯ ಗುಣವೆಂದೇ ನಾವೆಲ್ಲ ಅಂದುಕೊಂಡಿದ್ದೆವು. ಶಿವರಾತ್ರಿ ಕಳೆದು ಬಿಸಿಲು ಬಲಿತ ಒಂದು ಮಧ್ಯಾಹ್ನ ಸರ್ ದನಿ ವರ್ಕ್‌ಶಾಪನ್ನೇ ನಡುಗಿಸಿತು.

"ಏ ಅಂಜಿನಮ್ಮ! ಬುದ್ಧಿಯನ್ನ ಮನೇಲಿ ಬಿಟ್ಟು ಬಂದಿದ್ದೀಯೇನೇ? ಹಲ್ಲಿನ ಲೆಕ್ಕ ಎಲ್ಲಿ ಹೋಯ್ತು?"

ಲೇತುಗಳ ಮುಂದೆ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಅರೆಕ್ಷಣದ ಮೇಲೆ ಅವಳ ನಗು ಕೇಳಿಸಿತು, ಈ ತುದಿಯಿಂದ ಆ ತುದಿಗೆ.

ಅದೇ ತಿಂಗಳು ಅವಳು ಜ್ವರ ಬಂದು ಮಲಗಿದಳು. ಮೂರನೆಯ ದಿನ ನಾನು ಕಾಲೊನಿಗೆ ಹೋದರೆ ಸರ್ ಸ್ಕೂಟರು ಆಗಲೇ ಅಲ್ಲಿತ್ತು. ಬಾಳೆಹಣ್ಣು ತಂದಿರಲಿಲ್ಲ. ಓಬಕ್ಕನ ಒಲೆಯ ಮುಂದೆ ಮಣೆಯ ಮೇಲೆ ಕೂತು, "ಸಕ್ಕರೆ ಸ್ವಲ್ಪ ಜಾಸ್ತಿ ಹಾಕವ್ವ" ಎನ್ನುತ್ತಿದ್ದರು. "ಸಕ್ಕರೆ ಕಾಯಿಲೆ ಐತೆ ಅಂದ್ರಲ್ಲ ಸಾಮಿ ಈಗಿನ್ನ," ಎಂದು ಓಬಕ್ಕ ಡಬ್ಬಿಯನ್ನು ಆ ಕಡೆ ಇಟ್ಟಳು. ಸರ್ ಸಪ್ಪೆ ಚಹಾವನ್ನೇ ಕುಡಿದರು.

ಪರೀಕ್ಷೆಯ ದಿನ ಮಧ್ಯಾಹ್ನ ನಾವು ಮೂವರೇ ದೊಡ್ಡಯ್ಯನ ಮುಂದೆ ನಿಂತೆವು. ಸರ್ ಅವಳ ಮಣಿಕಟ್ಟು ಹಿಡಿದರು. ಹೇಳಬೇಕಾದ್ದನ್ನು ಅವರು ಮನಸ್ಸಿನಲ್ಲೇ ಸಿದ್ಧಮಾಡಿಕೊಂಡು ಬಂದಿದ್ದರೆಂದು ಕಾಣುತ್ತದೆ, ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಅವಳ ಸಲ್ವಾರಿನ ದುಪ್ಪಟ್ಟಾ ಚಕ್ರದ ಕಡೆ ಜೋಲುತ್ತಿದ್ದುದನ್ನು ನೋಡಿ ಅವರಿಗೆ ಸಿಟ್ಟು ಬಂತು.

"ಅದನ್ನ ಸೊಂಟಕ್ಕೆ ಕಟ್ಟು ಅಂತ ಎಷ್ಟು ಸಲ ಹೇಳೋದು ನಿನಗೆ? ನೋಡು ದೊಡ್ಡಯ್ಯ, ಈ ಅಂಜಿನಮ್ಮ ನಮ್ಮ ಹುಡುಗಿ, ಒಂದು ಮಾತೂ ಕೇಳಲ್ಲ…"

ಮೊದಲು ಕಾಲಡಿಯ ನೆಲ ನಡುಗಿತು. ಆಮೇಲೆ ಸದ್ದು ಬಂತು. ಸರ್ ಮಾತು ನಿಲ್ಲಿಸಿ ಬಾಯಿ ತೆರೆದುಕೊಂಡು ನಿಂತರು. ಅಂಜಿನಮ್ಮ ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದು ಕೆಲಸಕ್ಕೆ ಇಳಿದಳು. ಆ ಮಧ್ಯಾಹ್ನವೆಲ್ಲ ಎಣ್ಣೆ ಹನಿಯಿತು, ಉಕ್ಕಿನ ಸಿಬಿರು ಸುರುಳಿಸುರುಳಿಯಾಗಿ ಬಿತ್ತು. ಚಕ್ರ ಹೊರಗೆ ಬಂದಾಗ ಸರ್ ಅದರ ಒಂದೊಂದು ಹಲ್ಲನ್ನೂ ಉಗುರಿನಿಂದ ಮುಟ್ಟಿ ನೋಡಿದರು. ಒಂದು ಕಡೆ ನಿಂತು, "ಇಲ್ಲಿ ಸ್ವಲ್ಪ ಒರಟು" ಎಂದರು. ಅವಳು, "ಇರ್ಲಿ ಬಿಡಿ ಸಾರ್, ಪಾಸಾಗ್ತೀನಿ" ಎಂದಳು.

ಆಮೇಲೆ ಸರ್ ನನ್ನ ಕಡೆ ತಿರುಗಿದರು. ಕೈ ಮುಂದೆ ಚಾಚಿ, ನಡುವೆಯೇ ತಡೆದರು.

"ಮೇಡಂ, ನನಗೆ ಧೈರ್ಯ ಸಾಲ್ತಿಲ್ಲ. ಇವತ್ತು ನಾನು ಹೇಳಿ ಇದು ಸುಮ್ಮನಿದ್ದರೆ…"

"ಬಿಡಿ ಸರ್" ಎಂದೆ. ನಿಜವಾಗಿಯೂ ಬಿಟ್ಟಿದ್ದೆ. ಅವರ ಮೇಲೆ ನನಗಿದ್ದ ಬೇಸರ ಆ ಬೆಂಚಿನ ಮೇಲೆ ಅವರು ಮಾವನ ಕಥೆ ಹೇಳಿದ ದಿನವೇ ಅರ್ಧ ಕರಗಿತ್ತು. ಉಳಿದರ್ಧವನ್ನು ಇಟ್ಟುಕೊಂಡು ಮಾಡುವುದೇನು ಎಂದು ನಾನು ಯೋಚಿಸುತ್ತಿದ್ದಾಗಲೇ ಅಂಜಿನಮ್ಮ ಎಣ್ಣೆಗೈಯನ್ನು ಬಟ್ಟೆಯಲ್ಲಿ ಒರೆಸಿ ನನ್ನ ಮಣಿಕಟ್ಟು ಹಿಡಿದಳು. ಅವಳಿಗೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ.

"ದೊಡ್ಡಯ್ಯ, ಇವರು ತಿಪ್ಪಮ್ಮ ಮೇಡಂ. ನಮ್ಮೋರು."

ಕಾಲಡಿಯ ನೆಲ ಮತ್ತೆ ನಡುಗಿತು. ಅಂಗೈಯಿಂದ ಹತ್ತಿ ಭುಜದವರೆಗೆ ಬಂದ ಆ ಕಂಪನ ಇವತ್ತಿಗೂ ನೆನಪಿದೆ. ನಾನು ಅಳಲಿಲ್ಲ. ಇಷ್ಟು ಕಾಲ ಕಾದವಳು ಅಳುತ್ತ ನಿಲ್ಲುವುದೇ? ಒಂದು ಉಕ್ಕಿನ ಬಿಲ್ಲೆ ಎತ್ತಿಕೊಂಡು ಅಲ್ಲೇ ಕೆಲಸಕ್ಕಿಳಿದೆ. ಸರ್ ಸ್ಟೂಲು ಎಳೆದುಕೊಂಡು ಕೂತು, ವಿದ್ಯಾರ್ಥಿಯನ್ನು ಬೈಯುವಂತೆಯೇ ಬೈಯುತ್ತ ನನ್ನನ್ನು ತಿದ್ದಿದರು. ನನ್ನ ಚಕ್ರ ಅವಳದಕ್ಕಿಂತ ಒರಟಾಗಿತ್ತು.

ಬೇಸಿಗೆಯಲ್ಲಿ ಸರ್ ನಿವೃತ್ತರಾಗಿ ಮಗಳ ಊರಿಗೆ ಹೋದರು. ಟಾರ್ಪಾಲು ಗೋದಾಮಿಗೆ ವಾಪಸಾಯಿತು. ಅಂಜಿನಮ್ಮ ಪೂರ್ತಿ ಪಾಸಾಗಿ ನಮ್ಮ ವರ್ಕ್‌ಶಾಪಿನಲ್ಲೇ ಇನ್‌ಸ್ಟ್ರಕ್ಟರಾದಳು. ಅವಳಿಗಿಂತ ಒಂದು ವರ್ಷ ಹಿಂದಿದ್ದ ಮೌಲಾಲಿ ಮುಂದಿನ ವರ್ಷ ಹಲ್ಲುಚಕ್ರ ಕಡಿದ, ಅವನ ಹಿಂದೆ ಮೆಟ್ಟಿಲಿನ ಇನ್ನೂ ಕೆಲವರು. ಊರಿನಲ್ಲಿ ದೊಡ್ಡಯ್ಯನಿಗೆ ಗುರುತಿದ್ದವರು ಈಗ ನಾವೇ.

ಅದಾದ ಮೇಲಿನ ಜೂನ್ ತಿಂಗಳಲ್ಲಿ ಕೋಟೆಬೀದಿಯ ಅಪ್ಪಂದಿರು ತೆಂಗಿನಕಾಯಿ ಹಿಡಿದು ಬಂದಾಗಲೇ ಅವರಿಗೆ ಅದು ಹೊಳೆದದ್ದು. ಲೇತು, ಡ್ರಿಲ್ಲು ಎಲ್ಲ ಮುಗಿಸಿ ದೊಡ್ಡಯ್ಯನ ಕೋಣೆಯ ಮುಂದೆ ಸುಮ್ಮನೆ ನಿಂತರು. ಮೊದಲು ಮಾತಾಡಿದವರು ನಮ್ಮ ಪ್ರಿನ್ಸಿಪಾಲರಾದ ಜಯದೇವಪ್ಪನವರು. ಅವರ ಮಗನೂ ಆ ವರ್ಷ ಸೇರಿದ್ದ.

"ಅಂಜಿನಮ್ಮ, ನಮ್ಮ ಹುಡುಗನಿಗೂ ಸ್ವಲ್ಪ…"

"ಆಗ್ಲಿ ಸಾರ್, ಅದಕ್ಕೇನು" ಎಂದಳು ಅವಳು. "ಆದ್ರೆ ನಂಗೆ ಅವನು ಗೊತ್ತಿಲ್ಲ, ನೀವೂ ಗೊತ್ತಿಲ್ಲ. ಸುಮ್ನೆ ಹೇಳಿದ್ರೆ ಅದು ತಿರುಗಾಕಿಲ್ಲ. ಮನೆಗೆ ಬನ್ನಿ, ಇಬ್ಬರೂ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಅವರು ಹುಡುಕಿ ನೋಡಿದರು, ಸಿಗಲಿಲ್ಲ.

ಹಾಗೆ ಕಾಲೊನಿಗೆ ಭಾನುವಾರ ಜನ ಬರತೊಡಗಿದರು. ಕಾರುಗಳು ಕಲ್ಲುರಾಶಿಗಳ ನಡುವೆ ನಿಲ್ಲುತ್ತಿದ್ದವು. ಓಬಕ್ಕ ಮೊದಲ ವಾರ ಸಡಗರದಿಂದ ಅಡುಗೆ ಮಾಡಿದಳು. ಎರಡನೆಯ ವಾರ ಗೊಣಗಿದಳು. ಮೂರನೆಯ ವಾರ ಸೊಂಟ ಹಿಡಿದುಕೊಂಡು ಎದ್ದು, "ಉಣ್ಣಾಕೆ ಎಷ್ಟು ಜನ ಬಂದ್ರೂ ಇಕ್ಕತೀನಿ. ತಟ್ಟೆ ಮಾತ್ರ ಅವರವರೇ ತೊಳೀಬೇಕು" ಎಂದಳು. ಅಂಜಿನಮ್ಮ ನನ್ನ ಮುಖ ನೋಡಿದಳು. ಇದರಲ್ಲಿ ನನ್ನನ್ನೇನು ಕೇಳುವುದು, ಓಬಕ್ಕನ ಮನೆ, ಓಬಕ್ಕನ ತಟ್ಟೆ.

ಅವತ್ತು ಪ್ರಿನ್ಸಿಪಾಲರ ಸರದಿ. ಉಂಡು ಎದ್ದು, ತಟ್ಟೆ ಹಿಡಿದು ಎಲ್ಲಿಡಲಿ ಎಂದು ಅತ್ತಿತ್ತ ನೋಡಿದರು. ಓಬಕ್ಕ ನಲ್ಲಿಯ ಕಡೆ ಕೈ ತೋರಿಸಿದಳು. ಅವರ ಮಗ ಆಗಲೇ ಅಲ್ಲಿ ಕುಕ್ಕರಗಾಲಲ್ಲಿ ಕೂತು ತನ್ನ ತಟ್ಟೆ ತೊಳೆಯುತ್ತ, ಅಂಜಿನಮ್ಮನ ತಮ್ಮನ ಜೊತೆ ಯಾವುದೋ ಕ್ರಿಕೆಟ್ ಆಟದ ಬಗ್ಗೆ ಜಗಳಕ್ಕೆ ಬಿದ್ದಿದ್ದ. ಅಪ್ಪನಿಗೆ ಜಾಗ ಬಿಟ್ಟು ಸರಿದ. ಪ್ರಿನ್ಸಿಪಾಲರು ಪ್ಯಾಂಟನ್ನು ಮೊಣಕಾಲಿಗೆ ಎಳೆದುಕೊಂಡು ಕೂತರು. ನೀರು ಬಿಟ್ಟರು, ಬೂದಿ ಹಚ್ಚಿದರು, ತೊಳೆದು ಎದ್ದು ಓಬಕ್ಕನ ಕೈಗೆ ಕೊಟ್ಟರು.

ಓಬಕ್ಕ ತಟ್ಟೆಯನ್ನು ಬಿಸಿಲಿಗೆ ಹಿಡಿದು, ಬೋರಲು ಮಾಡಿ ನೋಡಿದಳು.

"ತಳಾನೂ ಉಜ್ಜಬೇಕು ಸಾಮಿ."

ಅವರು ತಟ್ಟೆ ವಾಪಸು ತೆಗೆದುಕೊಂಡು ನಲ್ಲಿಯ ಕೆಳಗೆ ಮತ್ತೆ ಕೂತರು.